ಸಮ ಆತು ಅಂದ್ರ ಏನಾತು?

"ಗೆದ್ದಾಂವ ಯಾಂವ?"

"ಯಾರೂ ಗೆದ್ದಿಲ್ರಿ ಕಾಕಾ, ಸಮ ಆತು."

"ಹಂಗಾರ ಇಷ್ಟೊತ್ತು ಕುಂತ ಏನ ಮಾಡಿದ್ರು ಇಬ್ಬರೂ?"

ಬೆಳಗಾವಿ ಜಿಲ್ಲೆಯ ದೊಡವಾಡದ ಕಟ್ಟೆಯ ಮೇಲೆ ಚೆಸ್‌ನ ಸುದ್ದಿ ಬಂದರೆ ಮಾತು ಹೀಗೆಯೇ ಸಾಗೀತು. ಕಾಕಾನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದರೆ ಕುಸ್ತಿಯ ಸೀಮೆ. ಜಾತ್ರೆಯ ಕರಪತ್ರದಲ್ಲಿ 'ನಿಕಾಲಿ ಕುಸ್ತಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದರೆ ಜನ ಸೇರುವುದೇ ಬೇರೆ. ಒಬ್ಬನ ಬೆನ್ನಿಗೆ ಮಣ್ಣು ಹತ್ತಲೇಬೇಕು, ಇನ್ನೊಬ್ಬನ ಕೈ ಮೇಲೇಳಲೇಬೇಕು. ಇಬ್ಬರು ಪೈಲ್ವಾನರು ಹೊತ್ತುಗಟ್ಟಲೆ ತೋಳಿಗೆ ತೋಳು ಕೊಟ್ಟು ನಿಂತು, ಕೊನೆಗೆ ಪಂಚರು ಬಂದು ಇಬ್ಬರ ಕೈಯನ್ನೂ ಎತ್ತಿ 'ಸಮಬಲ' ಎಂದು ಬಿಡಿಸಿದಾಗ ಅರ್ಧ ಜನ ಚಪ್ಪಾಳೆ ತಟ್ಟುತ್ತಾರೆ, ಇನ್ನರ್ಧ ಜನ 'ಮೊದ್ಲ ಮಾತಾಡಿಕೊಂಡ ಬಂದಿದ್ರು' ಎಂದು ಗೊಣಗುತ್ತಾರೆ.

ಆ ಎರಡೂ ಗುಂಪಿನ ಮಾತು ಚೆಸ್‌ಗೂ ಸಲ್ಲುತ್ತದೆ. ಡ್ರಾ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಓಡಾಡುತ್ತವೆ. ಒಂದು ಸೋಲಿನ ಬಾಯಿಗೆ ಹೋಗಿ, ಇರುವ ಒಂದೇ ಒಂದು ನಡೆಯನ್ನು ಹುಡುಕಿ, ಬೆವರು ಸುರಿಸಿ ಗಳಿಸಿದ ಅರ್ಧ ಅಂಕ. ಇನ್ನೊಂದು ಕುರ್ಚಿ ಬಿಸಿಯಾಗುವ ಮೊದಲೇ ಕೈಕುಲುಕಿ ಹಂಚಿಕೊಂಡ ಅರ್ಧ ಅಂಕ. ಅಂಕಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಜಗಳ ಇರುವುದೆಲ್ಲ ಅಲ್ಲಿಯೇ.

ಮೊದಲನೆಯ ಜಾತಿಯ ಡ್ರಾ ಹೇಗಿರುತ್ತದೆಂದು ತಿಳಿಯಲು ದೂರದ ಇತಿಹಾಸ ಬೇಕಾಗಿಲ್ಲ. 2024ರ ಡಿಸೆಂಬರ್ 11ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 13ನೇ ಆಟ ನಡೆಯಿತು. ಒಂದು ಕಡೆ ಚೆನ್ನೈನ 18 ವರ್ಷದ ಡಿ. ಗುಕೇಶ್, ಇನ್ನೊಂದು ಕಡೆ ಚಾಂಪಿಯನ್ ಪಟ್ಟದಲ್ಲಿದ್ದ ಚೀನಾದ ಡಿಂಗ್ ಲಿರೆನ್. ಒಟ್ಟು 14 ಆಟಗಳ ಪಂದ್ಯ. ಹನ್ನೆರಡು ಮುಗಿದಾಗ ಇಬ್ಬರಿಗೂ ತಲಾ 6 ಅಂಕ. ಹಿಂದಿನ ಎರಡು ಆಟಗಳಲ್ಲಿ ಒಂದನ್ನು ಇವರು, ಒಂದನ್ನು ಅವರು ಗೆದ್ದಿದ್ದರು. ಬಿಳಿ ಕಾಯಿ ಹಿಡಿಯುವ ಸರದಿ ಗುಕೇಶ್‌ಗೆ ಬಂದದ್ದು ಇದೇ ಕೊನೆ, ಆದ್ದರಿಂದ ಅವರು ಗೆಲ್ಲಲೆಂದೇ ಕೂತಿದ್ದರು. ಡಿಂಗ್ ಫ್ರೆಂಚ್ ರಕ್ಷಣೆ ಆಡಿದರು; ಮೊದಲ ಆಟದಲ್ಲಿ ಅದೇ ರಕ್ಷಣೆಯಿಂದ ಗುಕೇಶ್‌ರನ್ನು ಸೋಲಿಸಿದ್ದ ಧೈರ್ಯ ಅವರಿಗಿತ್ತು.

ಆಟ ಮಧ್ಯಕ್ಕೆ ಬಂದಾಗ ಗುಕೇಶ್ ಮೇಲುಗೈ ಪಡೆದಿದ್ದರು. ಮೊದಲ 40 ನಡೆಗೆ ಇಬ್ಬರಿಗೂ ತಲಾ ಎರಡು ತಾಸು ಸಮಯ, ಅಷ್ಟರೊಳಗೆ ನಡೆಗೆ ಇಷ್ಟು ಸೆಕೆಂಡ್ ಎಂದು ಸೇರಿಸಿಕೊಡುವ ಪದ್ಧತಿಯೂ ಇರಲಿಲ್ಲ. ಡಿಂಗ್ ಗಡಿಯಾರ ಬೇಗ ಬೇಗ ಕರಗುತ್ತಿತ್ತು. 31ನೇ ನಡೆಯ ಹೊತ್ತಿಗೆ ಕಪ್ಪು ರಾಜನ ಸುತ್ತ ಬಿಳಿಯ ಕಾಯಿಗಳು ಕೂಡಿಬಂದಿದ್ದವು, ನೋಡುವವರಿಗೆ ಆಟ ಮುಗಿಯುತ್ತ ಬಂದಂತೆಯೇ ಇತ್ತು. ಆಗ ಡಿಂಗ್ ತಮ್ಮ ಆನೆಯನ್ನು ಎಫ್8 ಮನೆಗೆ ತಂದು ಇಟ್ಟರು. (ಈ ಲೇಖನದಲ್ಲಿ ಆನೆ ಎಂದರೆ ನೇರ ಗೆರೆಯಲ್ಲಿ ನಡೆಯುವ ಕಾಯಿ, ಒಂಟೆ ಎಂದರೆ ಕರ್ಣದಲ್ಲಿ ನಡೆಯುವ ಕಾಯಿ, ಊರಿಗೊಂದು ಹೆಸರಿರುವುದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು.) ನೋಡಲು ಸುಮ್ಮನೆ ಹಿಂದೆ ಸರಿದ ನಡೆ. ಕಿಸ್ತು (ಚೆಕ್) ಇಲ್ಲ, ಹೊಡೆತ ಇಲ್ಲ. ಆದರೆ ಆಗ ಡಿಂಗ್ ಕೈಯಲ್ಲಿದ್ದ ನಡೆಗಳಲ್ಲಿ ಆಟ ಉಳಿಸುತ್ತಿದ್ದದ್ದು ಅದೊಂದೇ. ಅದರ ನಂತರ ಗುಕೇಶ್ ಬಿಡಲಿಲ್ಲ. ಆನೆಗಳ ಅಂತ್ಯದಾಟದಲ್ಲಿ 70ರ ಹತ್ತಿರದವರೆಗೆ ನಡೆ ಎಳೆದರು. ಫಲ ಮಾತ್ರ ಅರ್ಧ, ಅರ್ಧ.

ಮರುದಿನದ ಪತ್ರಿಕೆಯಲ್ಲಿ ಇದಕ್ಕೆ ಎಷ್ಟು ಜಾಗ ಸಿಗುತ್ತದೆ? '13ನೇ ಆಟ ಡ್ರಾ, ಇಂದು ನಿರ್ಣಾಯಕ ಕದನ.' ಇಷ್ಟೇ. ಕ್ರಿಕೆಟ್‌ನಲ್ಲಿ ಕೊನೆಯ ಜೋಡಿ ದಿನವಿಡೀ ನಿಂತು ಟೆಸ್ಟ್ ಉಳಿಸಿದರೆ ನಾವು ವರ್ಷಗಟ್ಟಲೆ ಕಥೆ ಹೇಳುತ್ತೇವೆ. ಚೆಸ್‌ನಲ್ಲಿ ಅಂಥದೇ ಕೆಲಸ ಮಾಡಿದವನಿಗೆ ಒಂದು ಸಾಲು.

ಮಾರನೆಯ ದಿನ, ಡಿಸೆಂಬರ್ 12ರಂದು, ಕಥೆ ತಿರುವುಮುರುವಾಯಿತು. ಈಗ ಬಿಳಿ ಕಾಯಿ ಡಿಂಗ್ ಕೈಯಲ್ಲಿ. ಅವರು ಗೆಲ್ಲುವ ಗೋಜಿಗೆ ಹೋಗದೆ ಕಾಯಿಗಳನ್ನು ಬದಲಾಯಿಸಿಕೊಳ್ಳುತ್ತ ಬಂದರು. ಒಂದು ಕಾಲಾಳು ಕಡಿಮೆಯಾದರೂ ಪರವಾಗಿಲ್ಲ, ಹಲಗೆ ಖಾಲಿಯಾದರೆ ಡ್ರಾ ಖಚಿತ, ಪಂದ್ಯ ಸಮವಾದರೆ ಮರುದಿನ ನಡೆಯುವ ಚುಟುಕು ಆಟಗಳಲ್ಲಿ ನೋಡಿಕೊಳ್ಳೋಣ ಎಂಬ ಲೆಕ್ಕ. ಲೆಕ್ಕ ಸರಿಯೇ ಇತ್ತು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ, ಕೆಲವೇ ಕಾಲಾಳುಗಳು. ಗುಕೇಶ್‌ಗೆ ಕಾಲಾಳು ಒಂದು ಹೆಚ್ಚು. ಪುಸ್ತಕದ ಪ್ರಕಾರ ಡ್ರಾ, ಕಂಪ್ಯೂಟರಿನ ಪ್ರಕಾರವೂ ಡ್ರಾ. ಆದರೆ ಡ್ರಾ ಆಗಬಹುದಾದ ಸ್ಥಿತಿಗೂ ಡ್ರಾ ಆದ ಆಟಕ್ಕೂ ನಡುವೆ ಇನ್ನೂ ಎಷ್ಟೋ ನಡೆಗಳಿರುತ್ತವೆ. ಅವನ್ನು ಮನುಷ್ಯನೇ ಆಡಬೇಕು.

55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗೆ ಆನೆ ಬದಲಾಯಿಸಿಕೊಳ್ಳಿ ಎಂದು ಕರೆದಂತೆ. ತೊಂದರೆ ಇದ್ದದ್ದು ಆನೆಯಲ್ಲಲ್ಲ, ಎ8 ಮೂಲೆಯಲ್ಲಿ ಕುಳಿತಿದ್ದ ಅವರ ಒಂಟೆಯಲ್ಲಿ. ಆನೆಗಳು ಹೋದ ತಕ್ಷಣ ಗುಕೇಶ್ ತಮ್ಮ ಒಂಟೆಯನ್ನು ಡಿ5ರಲ್ಲಿ ಎದುರಿಗೆ ತಂದು ನಿಲ್ಲಿಸಬಹುದಿತ್ತು. ಮೂಲೆಯ ಒಂಟೆಗೆ ಓಡಲು ಬೇರೆ ದಾರಿಯೇ ಇರಲಿಲ್ಲ. ಒಂಟೆಗಳೂ ಹೋದವು. ಉಳಿದದ್ದು ರಾಜರು ಮತ್ತು ಕಾಲಾಳುಗಳು. ಇಷ್ಟು ಹೊತ್ತು ಲೆಕ್ಕಕ್ಕಿಲ್ಲದೆ ಇದ್ದ ಆ ಒಂದು ಹೆಚ್ಚಿನ ಕಾಲಾಳು ಈಗ ಪಂದ್ಯವನ್ನೇ ಗೆಲ್ಲಿಸುವಂಥದಾಯಿತು. 58ನೇ ನಡೆಗೆ ಡಿಂಗ್ ಕೈಬಿಟ್ಟರು. ಗುಕೇಶ್ 7.5, ಡಿಂಗ್ 6.5. ಅತಿ ಕಿರಿಯ ವಿಶ್ವ ಚಾಂಪಿಯನ್ ಎಂದು ಕಾಸ್ಪರೋವ್ 22ನೇ ವಯಸ್ಸಿನಲ್ಲಿ ಮಾಡಿದ್ದ ದಾಖಲೆಯನ್ನು ಈ ಹುಡುಗ 18ಕ್ಕೇ ಮುರಿದ.

ಗುಕೇಶ್‌ಗೆ ಅದೃಷ್ಟದಿಂದ ಪಟ್ಟ ಸಿಕ್ಕಿತೆಂದು ಆಗ ದೊಡ್ಡ ದೊಡ್ಡವರೇ ಮೂಗು ಮುರಿದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದು ಕಾಲಾಳು ಹೆಚ್ಚಿದ್ದರೂ ಡ್ರಾ ಎಂದು ಎಲ್ಲರಿಗೂ ಗೊತ್ತಿದ್ದ ಸ್ಥಿತಿಯಲ್ಲಿ ಕೈಚಾಚದೆ, ಎದುರಿನವನು ಪ್ರತಿ ನಡೆಯಲ್ಲೂ ಸರಿಯಾದದ್ದನ್ನೇ ಹುಡುಕಬೇಕಾದಂತೆ ಕೂರಿಸಿದ್ದೇ ಅವರ ಆಟ. 13ನೇ ಆಟದಲ್ಲಿ ಡಿಂಗ್ ಹುಡುಕಿದರು, 14ರಲ್ಲಿ ತಪ್ಪಿದರು. ಡ್ರಾ ಎಂಬುದಕ್ಕೆ ಬೆಲೆ ಎಷ್ಟೆಂದು ತಿಳಿಯಲು ಈ ಎರಡು ದಿನಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು.

ಇನ್ನು, ಆಟ ಸಮವಾಗುವುದು ಯಾವ ಯಾವ ದಾರಿಯಿಂದ? ರಾಜನಿಗೆ ಕಿಸ್ತು ಇಲ್ಲ, ಆದರೆ ಆಡಲು ನಿಯಮಬದ್ಧವಾದ ಒಂದು ನಡೆಯೂ ಇಲ್ಲ ಎಂದಾದರೆ ಆಟ ಅಲ್ಲಿಗೇ ನಿಂತು ಡ್ರಾ. ಒಂದೇ ಸ್ಥಿತಿ, ಅದೇ ಆಟಗಾರನ ಸರದಿಯಲ್ಲಿ, ಮೂರು ಸಲ ಬಂದರೆ ಡ್ರಾ ಕೇಳುವ ಹಕ್ಕು ಹುಟ್ಟುತ್ತದೆ. ಐದು ಸಲ ಬಂದರೆ ಯಾರೂ ಕೇಳದಿದ್ದರೂ ತೀರ್ಪುಗಾರನೇ ಆಟ ನಿಲ್ಲಿಸುತ್ತಾನೆ. ಯಾವ ಕಾಯಿಯೂ ಸಾಯದೆ, ಯಾವ ಕಾಲಾಳೂ ಕದಲದೆ ಇಬ್ಬರೂ ತಲಾ 50 ನಡೆ ಕಳೆದರೆ ಡ್ರಾ ಕೇಳಬಹುದು, 75 ಕಳೆದರೆ ಕೇಳುವುದೇ ಬೇಡ. ಮಾತ್ ಮಾಡಲು ಸಾಲದಷ್ಟು ಕಾಯಿ ಉಳಿದರೂ ಅಷ್ಟೇ. ಇವೆಲ್ಲ ಹಲಗೆ ಕೊಡುವ ಡ್ರಾಗಳು. ಇವುಗಳ ಜೊತೆ ಆಟಗಾರರು ತಾವೇ ಕೊಟ್ಟುಕೊಳ್ಳುವ ಒಂದು ದಾರಿಯೂ ಇದೆ, ಪರಸ್ಪರ ಒಪ್ಪಂದ. ಅದರ ವಿಷಯಕ್ಕೆ ಆಮೇಲೆ ಬರೋಣ.

50 ನಡೆಯ ನಿಯಮ ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ 1989ರ ಬೆಲ್‌ಗ್ರೇಡ್ ಸಾಕ್ಷಿ. ಆನೆ ಮತ್ತು ಒಂಟೆ ಒಂದು ಕಡೆ, ಬರೀ ಆನೆ ಇನ್ನೊಂದು ಕಡೆ ಉಳಿದಾಗ ಆ ಕಾಲದಲ್ಲಿ 50ರ ಬದಲು 100 ನಡೆಯ ಅವಕಾಶ ಇತ್ತು. ನಿಕೋಲಿಚ್ ಮತ್ತು ಅರ್ಸೊವಿಚ್ ಎಂಬಿಬ್ಬರು ಅದೇ ಅಂತ್ಯದಾಟದಲ್ಲಿ ಸಿಕ್ಕಿಕೊಂಡು 20 ತಾಸಿಗೂ ಮಿಕ್ಕಿ ಆಡಿದರು, 269 ನಡೆ. ಟೂರ್ನಿ ಚೆಸ್‌ನ ಅತಿ ಉದ್ದದ ಆಟ ಅದು. ಫಲಿತಾಂಶ ಡ್ರಾ. ಆ ಸಡಿಲಿಕೆಯನ್ನು ಆಮೇಲೆ ಕಿತ್ತುಹಾಕಿದರು, ಒಳ್ಳೆಯದೇ ಆಯಿತು.

ಡ್ರಾ ಎಂಬುದನ್ನು ಕಟ್ಟಬೇಕಾಗುತ್ತದೆ, ತಾನಾಗಿ ಬರುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕಿದ್ದರೆ ಮನೆಯಲ್ಲಿರುವ ಹಲಗೆ ತೆಗೆಯಿರಿ. ನಾಲ್ಕೇ ಕಾಯಿ ಸಾಕು. ಬಿಳಿ ರಾಜನನ್ನು ಎಚ್8ರಲ್ಲಿ, ಬಿಳಿ ಕಾಲಾಳನ್ನು ಸಿ6ರಲ್ಲಿ ಇಡಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ಬಿಳಿಯ ಸರದಿ. ರಿಚರ್ಡ್ ರೇಟಿ ಎಂಬ ಆಟಗಾರ 1921ರಲ್ಲಿ ರಚಿಸಿದ ಸಮಸ್ಯೆ ಇದು. ಎಂಟು ವರ್ಷ ಸೋಲನ್ನೇ ಕಾಣದಿದ್ದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನು 1924ರಲ್ಲಿ ನ್ಯೂಯಾರ್ಕಿನಲ್ಲಿ ಮಣಿಸಿದ್ದೂ ಇದೇ ರೇಟಿ.

ಕಪ್ಪು ಕಾಲಾಳು ಕೆಳಗೆ ಓಡಿ ಇನ್ನು ನಾಲ್ಕು ನಡೆಯಲ್ಲಿ ಮಂತ್ರಿಯಾಗುತ್ತದೆ. ಬಿಳಿ ರಾಜ ಅದರ ಹಿಂದೆ ಬಿದ್ದರೆ ಎರಡು ಹೆಜ್ಜೆ ತಡ, ಎಂದೂ ಸಿಗುವುದಿಲ್ಲ. ತನ್ನದೇ ಕಾಲಾಳಿಗೆ ಆಸರೆಯಾಗೋಣವೆಂದರೆ ಅದು ಹಲಗೆಯ ಇನ್ನೊಂದು ಬದಿಗಿದೆ, ಅದರ ಮಗ್ಗುಲಲ್ಲೇ ಕಪ್ಪು ರಾಜ ಕಾವಲು ನಿಂತಿದ್ದಾನೆ. ಎರಡೂ ಕೆಲಸ ಅಸಾಧ್ಯ. ಹಾಗಾದರೆ ಬಿಳಿ ಸೋತಂತೆಯೇ ತಾನೆ?

ರಾಜನನ್ನು ಜಿ7ಕ್ಕೆ ಇಡಿ. ಕಪ್ಪು ಕಾಲಾಳು ಎಚ್4ಕ್ಕೆ ಇಳಿಯಿತು. ರಾಜನನ್ನು ಎಫ್6ಕ್ಕೆ ತನ್ನಿ. ಈಗ ಅವನು ನಡೆದದ್ದು ಕರ್ಣದ ಗೆರೆಯಲ್ಲಿ. ಒಂದೊಂದು ಹೆಜ್ಜೆಗೂ ಅವನು ಕಪ್ಪು ಕಾಲಾಳಿನ ಕಡೆಗೂ ಹೋಗಿದ್ದಾನೆ, ತನ್ನ ಕಾಲಾಳಿನ ಕಡೆಗೂ ಹೋಗಿದ್ದಾನೆ. ಚದುರಂಗದ ಹಲಗೆಯಲ್ಲಿ ಓರೆಯಾಗಿ ಹೋದರೂ ನೆಟ್ಟಗೆ ಹೋದರೂ ರಾಜನಿಗೆ ಹೆಜ್ಜೆ ಒಂದೇ. ಭೂಮಿಯ ಮೇಲಿನ ಅಳತೆ ಇಲ್ಲಿ ನಡೆಯುವುದಿಲ್ಲ. ಗಾಬರಿಯಾದ ಕಪ್ಪು ರಾಜ ಬಿಳಿ ಕಾಲಾಳನ್ನು ಹಿಡಿಯಲು ಬಿ6ಕ್ಕೆ ಬಂದ. ಆಗ ಬಿಳಿ ರಾಜ ಇ5ಕ್ಕೆ. ಇದೇ ಆ ಸಮಸ್ಯೆಯ ಹೃದಯ. ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಜಾರಿ, ಮೊದಲು ಕೈಗೆಟುಕದೆ ಇದ್ದ ಆ ಕಪ್ಪು ಕಾಲಾಳನ್ನು ಹಿಡಿದೇ ಬಿಡುತ್ತಾನೆ. ಹೊಡೆಯದೆ ಕಾಲಾಳನ್ನೇ ಎಚ್3ಕ್ಕೆ ಓಡಿಸಿದರೆ ಬಿಳಿ ರಾಜ ಡಿ6ಕ್ಕೆ ಬಂದು ತನ್ನ ಕಾಲಾಳಿಗೆ ಬೆನ್ನಾಗಿ ನಿಲ್ಲುತ್ತಾನೆ. ಇಬ್ಬರಿಗೂ ಮಂತ್ರಿ ಹುಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಆಟ ಸಮ.

ಗೆಲ್ಲುವ ಸಮಸ್ಯೆಗಳನ್ನು ಚೆಸ್ ಪುಸ್ತಕಗಳಲ್ಲಿ ಬೇಕಾದಷ್ಟು ನೋಡಬಹುದು. ಆದರೆ ನೂರು ವರ್ಷದ ಮೇಲೂ ಜಗತ್ತಿನ ತರಬೇತುದಾರರು ಹುಡುಗರಿಗೆ ತಪ್ಪದೆ ತೋರಿಸುವುದು ಈ ಡ್ರಾವನ್ನು. ಆಟದಲ್ಲಿ ಇದಕ್ಕಿಂತ ಚೆಲುವಾದ ನಾಲ್ಕು ನಡೆಗಳನ್ನು ನಾನಂತೂ ನೋಡಿಲ್ಲ.

ಈ ಆಟಕ್ಕೂ ನಮ್ಮ ನೆಲಕ್ಕೂ ಇರುವ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಚದುರಂಗದ ವಿವರಣೆ ಇದೆ. ಮಲ್ಲರ ಕಾಳಗಕ್ಕೂ ಅದೇ ಗ್ರಂಥದಲ್ಲಿ ಬೇರೆ ಅಧ್ಯಾಯ. ಆ ಕಾಲಕ್ಕೆ ಸವದತ್ತಿಯ ರಟ್ಟರು ಚಾಲುಕ್ಯರ ಮಾಂಡಲಿಕರು, ಅಂದರೆ ಈ ಗ್ರಂಥದ ದೊರೆಯೇ ಈ ಸೀಮೆಗೂ ದೊರೆ. ಅರಮನೆಯ ವಿನೋದಗಳ ಪಟ್ಟಿಯಲ್ಲಿ ಗರಡಿಯೂ ಹಲಗೆಯೂ ಜೊತೆಯಲ್ಲೇ ಇದ್ದವು. ದಕ್ಷಿಣದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾಯಿಸುವ ಸಮಸ್ಯೆಯಲ್ಲಿ ಮುಳುಗಿ, ಹಾಯ್ದ ಮನೆಗಳ ಕ್ರಮಾಂಕಗಳನ್ನು ಕೂಡಿದರೆ ಸಾಲು ಸಾಲಿಗೂ ಒಂದೇ ಮೊತ್ತ ಬರುವಂತೆ ನಡೆಸಿ ತೋರಿಸಿದರು. ಈ ಕಡೆ, ಸಾಂಗಲಿ, ಮಿರಜ, ಜಮಖಂಡಿ, ರಾಮದುರ್ಗ ಸಂಸ್ಥಾನಗಳ ಗಾಳಿ ಬೀಸಿದ ಊರುಗಳಲ್ಲಿ, ಇದೇ ಆಟ ಬುದ್ಧಿಬಳ ಎಂಬ ಹೆಸರಿನಿಂದ ಓಡಾಡಿತು. ಸಾಂಗಲಿಯಲ್ಲಿ 1941ರಲ್ಲಿ ಹುಟ್ಟಿದ ನೂತನ ಬುದ್ಧಿಬಳ ಮಂಡಳ ಭಾವುಸಾಹೇಬ ಪಡಸಲಗೀಕರರ ಕೈಯಲ್ಲಿ ಬೆಳೆದು ದೇಶದ ಎಷ್ಟೋ ಆಟಗಾರರಿಗೆ ಹಲಗೆ ಹಾಕಿಕೊಟ್ಟಿತು.

ಹಳೆಯ ದೇಶೀ ಆಟದ ನಿಯಮಗಳು ಊರಿಗೊಂದು ಥರ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು, ರಾಜನಿಗೆ ಒಂದು ಸಲ ಕುದುರೆಯ ಹಾಗೆ ಹಾರಲು ಅವಕಾಶ, ಹೀಗೆ. ಎದುರಾಳಿಗೆ ನಡೆಯೇ ಇಲ್ಲದಂತೆ ಕಟ್ಟಿಹಾಕುವುದನ್ನು ಹಲವು ಕಡೆ ಒಪ್ಪುತ್ತಲೇ ಇರಲಿಲ್ಲ. ಹಾಗಾಗುವಂತಿದ್ದರೆ ಬೇರೆ ನಡೆ ಆಡಬೇಕಿತ್ತು. ನಮ್ಮವರು ಮಾತ್ರ ಹೀಗೆಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಆರಂಭದವರೆಗೂ ಎದುರಾಳಿಯನ್ನು ಹಾಗೆ ಕಟ್ಟಿಹಾಕಿದವನೇ ಸೋತಂತೆ ಎಣಿಸುತ್ತಿದ್ದರು. ಇವತ್ತು ಅದೇ ಸ್ಥಿತಿ ಡ್ರಾ. ಪಂಜಾಬದ ಮೀರ್ ಸುಲ್ತಾನ್ ಖಾನ್ ದೇಶೀ ನಿಯಮದಲ್ಲಿ ಬೆಳೆದು, ಆಮೇಲೆ ಪಶ್ಚಿಮದ ನಿಯಮ ಕಲಿತು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಸಮ ಎಂದರೆ ಏನೆಂಬುದು ಪ್ರಕೃತಿಯ ನಿಯಮವಲ್ಲ, ಕೂತು ಆಡಿದವರು ಕಾಲಕಾಲಕ್ಕೆ ಮಾಡಿಕೊಂಡ ಕರಾರು.

ಇನ್ನು ಗೊಣಗುವವರ ಪಾಳಿ. ಅವರ ಪರವಾಗಿ ಹೇಳುವುದಕ್ಕೂ ಸಾಕಷ್ಟಿದೆ.

1962ರಲ್ಲಿ ಕೆರಿಬಿಯನ್‌ನ ಕುರಸಾವ್ ದ್ವೀಪದಲ್ಲಿ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವನನ್ನು ಆರಿಸುವ ಟೂರ್ನಿ ನಡೆಯಿತು. ಸೋವಿಯತ್ ಒಕ್ಕೂಟದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಮೂವರೂ ತಮ್ಮತಮ್ಮಲ್ಲಿ ಆಡಿದ 12 ಆಟಗಳೂ ಡ್ರಾ. ಹೆಚ್ಚಿನವು 20 ನಡೆ ದಾಟಲಿಲ್ಲ. ತಾವು ದಣಿಯದೆ ಬೇರೆಯವರನ್ನು ದಣಿಸುವ ಉಪಾಯ. ಅಮೆರಿಕದ ಬಾಬಿ ಫಿಷರ್ ಪತ್ರಿಕೆಯಲ್ಲಿ ಬರೆದು ಬೀದಿಗೆಳೆದ ಮೇಲೆ ವಿಶ್ವ ಚೆಸ್ ಸಂಸ್ಥೆ ಫಿಡೆ ಆ ಟೂರ್ನಿ ಪದ್ಧತಿಯನ್ನೇ ಬದಲಿಸಿ ಇಬ್ಬಿಬ್ಬರ ನಾಕೌಟ್ ಪಂದ್ಯ ತಂದಿತು. ಫಿಷರ್ ಮಹಾ ಜಗಳಗಂಟ, ನಿಜ. ಈ ಜಗಳದಲ್ಲಿ ಮಾತ್ರ ನ್ಯಾಯ ಅವರ ಕಡೆಗಿತ್ತು.

1984ರ ಸೆಪ್ಟೆಂಬರಿನಲ್ಲಿ ಮಾಸ್ಕೊದಲ್ಲಿ ಶುರುವಾದ ಕಾರ್ಪೊವ್–ಕಾಸ್ಪರೋವ್ ಪಂದ್ಯದ್ದು ಬೇರೆ ಕಥೆ. ಮೊದಲು ಆರು ಗೆದ್ದವನು ಚಾಂಪಿಯನ್, ಡ್ರಾಗೆ ಲೆಕ್ಕವಿಲ್ಲ ಎಂಬ ನಿಯಮ. ಕೇಳಲು ನಮ್ಮ ನಿಕಾಲಿ ಕುಸ್ತಿಯೇ. ಒಂಬತ್ತು ಆಟ ಮುಗಿದಾಗ ಕಾರ್ಪೊವ್ 4–0 ಮುಂದಿದ್ದರು, ಇನ್ನೆರಡು ಸಾಕಿತ್ತು. ಅಲ್ಲಿಂದ ಕಾಸ್ಪರೋವ್ ಗೋಡೆ ಕಟ್ಟಿದರು. ಸತತ 17 ಡ್ರಾ. ಕಾರ್ಪೊವ್ ಐದನೆಯದನ್ನು ಗೆದ್ದರು, ಕಾಸ್ಪರೋವ್ ಒಂದು ಗೆದ್ದರು, ಮತ್ತೆ ಸತತ 14 ಡ್ರಾ. ನಂತರ ಕಾಸ್ಪರೋವ್ ಬೆನ್ನುಬೆನ್ನಿಗೆ ಎರಡು ಗೆದ್ದರು. 1985ರ ಫೆಬ್ರುವರಿ 15ರಂದು ಫಿಡೆ ಅಧ್ಯಕ್ಷ ಕಂಪೊಮಾನೆಸ್ ಆಟಗಾರರ ದಣಿವಿನ ಕಾರಣ ಕೊಟ್ಟು ಪಂದ್ಯವನ್ನೇ ನಿಲ್ಲಿಸಿದರು. ಐದು ತಿಂಗಳು, 48 ಆಟ, 40 ಡ್ರಾ, ವಿಜೇತನಿಲ್ಲ. ಡ್ರಾಗೆ ಬೆಲೆ ಕೊಡದ ನಿಯಮವೇ ಜಗತ್ತಿನ ಅತಿ ಹೆಚ್ಚು ಡ್ರಾಗಳ ಪಂದ್ಯವನ್ನು ಹುಟ್ಟಿಸಿತು. ಡ್ರಾವನ್ನು ನಿಯಮದಿಂದ ಓಡಿಸುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ಆದರೂ ಓಡಿಸುವ ಯತ್ನ ನಿಂತಿಲ್ಲ. 2005ರಲ್ಲಿ ಸೋಫಿಯಾದ ಟೂರ್ನಿಯವರು ಆಟಗಾರರು ತಾವೇ ಡ್ರಾ ಮಾತಾಡಿಕೊಳ್ಳಬಾರದು ಎಂದು ಕಟ್ಟು ಹಾಕಿದರು. ಸ್ಪೇನಿನ ಬಿಲ್‌ಬಾವೊದಲ್ಲಿ ಗೆಲುವಿಗೆ 3, ಡ್ರಾಗೆ 1 ಎಂದು ಫುಟ್‌ಬಾಲ್‌ನ ಲೆಕ್ಕ ತಂದರು. ನಾರ್ವೆಯ ಟೂರ್ನಿಯಲ್ಲಿ ಡ್ರಾ ಆದ ತಕ್ಷಣ ಇನ್ನೊಂದು ಚುಟುಕು ಆಟ ಆಡಿಸುತ್ತಾರೆ. ಇದೆಲ್ಲದರ ನಡುವೆ 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ವಿಶ್ವ ಪಟ್ಟಕ್ಕೆ ಆಡಿದ 12 ದೀರ್ಘ ಆಟಗಳೂ ಡ್ರಾ ಆದವು. ಅದರಲ್ಲಿ ಮೊದಲನೆಯದು 115 ನಡೆಯ ಮಹಾಯುದ್ಧ. ಕೊನೆಯದರಲ್ಲಿ ತಮ್ಮ ಸ್ಥಿತಿ ಚೆನ್ನಾಗಿದ್ದರೂ ಕಾರ್ಲ್‌ಸನ್ 31ನೇ ನಡೆಗೇ ಡ್ರಾ ಕೊಟ್ಟು ಚುಟುಕು ಆಟಗಳಿಗೆ ಹೋದರು, ಅಲ್ಲಿ 3–0 ಗೆದ್ದರು. ಜಾಣತನ ಹೌದು. ನೋಡಲು ಕೂತವರಿಗೆ ಮೋಸ ಎಂದೂ ನನಗೆ ಅನ್ನಿಸುತ್ತದೆ. ಅದೇ ಕಾರ್ಲ್‌ಸನ್ 2024ರ ಡಿಸೆಂಬರ್ 31ರಂದು ನ್ಯೂಯಾರ್ಕಿನ ವಿಶ್ವ ಬ್ಲಿಟ್ಜ್ ಫೈನಲ್‌ನಲ್ಲಿ, ಏಳು ಆಟಗಳ ನಂತರವೂ ಸಮವಾಗಿದ್ದಾಗ, ನೆಪೊಮ್ನಿಯಾಷಿ ಜೊತೆ ಪಟ್ಟವನ್ನೇ ಹಂಚಿಕೊಂಡರು. ಜಾತ್ರೆಯ ಕಣದಲ್ಲಿ ಹೀಗೆ ಮಾಡಿದ್ದರೆ ಮಂದಿ ಬಿಡುತ್ತಿರಲಿಲ್ಲ.

ನಮ್ಮ ವಿಶ್ವನಾಥನ್ ಆನಂದರ ಬದುಕಿನಲ್ಲಿ ಡ್ರಾದ ಎರಡೂ ಮುಖಗಳು ಕಾಣುತ್ತವೆ. 1995ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಕಾಸ್ಪರೋವ್ ಎದುರು ಮೊದಲ ಎಂಟು ಆಟ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದಾಗ ಭಾರತ ಕುಣಿಯಿತು. ಹತ್ತನೆಯದರಿಂದ ಕಾಸ್ಪರೋವ್ ತಿರುಗಿ ಬಿದ್ದು ಪಂದ್ಯ ಒಯ್ದರು. 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಎದುರು ಆನಂದರಿಗೆ ಪಟ್ಟ ಉಳಿಸಿಕೊಳ್ಳಲು ಅರ್ಧ ಅಂಕ ಬೇಕಿತ್ತು. 11ನೇ ಆಟ 24 ನಡೆಗೆ ಡ್ರಾ, ಪಟ್ಟ ಅವರದು. ಆ ಡ್ರಾವನ್ನು ಹೇಡಿತನವೆಂದು ಯಾರೂ ಕರೆಯಲಿಲ್ಲ.

ಬಲಿಷ್ಠರು ಆಡಿದರೆ ಡ್ರಾ ಹೆಚ್ಚಾಗುವುದೇಕೆ ಎಂಬುದಕ್ಕೆ ಯಂತ್ರಗಳು ಸುಳಿವು ಕೊಡುತ್ತವೆ. 2017ರಲ್ಲಿ ಆಲ್ಫಾಜೀರೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಸ್ಟಾಕ್‌ಫಿಶ್ ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ಸೋಲಿಸಿದ ಸುದ್ದಿ ಜಗತ್ತೆಲ್ಲ ಹರಡಿತು. 100 ಆಟಗಳಲ್ಲಿ ಅದು ಗೆದ್ದದ್ದು 28, ಉಳಿದ 72 ಡ್ರಾ. ಚೆಸ್‌ನ ತಮ್ಮನಂಥ ಚೆಕರ್ಸ್ ಆಟವನ್ನು ಕೆನಡಾದ ಜೊನಾಥನ್ ಷೇಫರ್ ತಂಡ 2007ರಲ್ಲಿ ಕಂಪ್ಯೂಟರಿನಿಂದ ಕೊನೆಯವರೆಗೂ ಬಿಡಿಸಿ ನೋಡಿತು: ಇಬ್ಬರೂ ತಪ್ಪದೆ ಆಡಿದರೆ ಡ್ರಾ. ಚೆಸ್‌ನಲ್ಲಿ ಏಳು ಕಾಯಿ ಉಳಿದ ಸ್ಥಿತಿಗಳವರೆಗೆ ಮಾತ್ರ ಇಂಥ ಪೂರ್ಣ ಲೆಕ್ಕ ಸಿದ್ಧವಿದೆ, 32 ಕಾಯಿಗೆ ಯಾರೂ ತಲುಪಿಲ್ಲ. ಆದರೆ ತಪ್ಪೇ ಇಲ್ಲದ ಆಟ ಸಮವಾಗುತ್ತದೆಂದು ದೊಡ್ಡ ಆಟಗಾರರು ಬಹುಪಾಲು ನಂಬುತ್ತಾರೆ. ಹಾಗಿದ್ದರೆ ಗೆಲುವೆಂಬುದು ಯಾರದೋ ತಪ್ಪಿನ ಫಲ. ಡ್ರಾ ಎಂದರೆ ಇಬ್ಬರೂ ತಪ್ಪಲಿಲ್ಲ, ಇಲ್ಲವೇ ಇಬ್ಬರೂ ತಪ್ಪಿ ಸರಿದೂಗಿಸಿಕೊಂಡರು ಎಂದರ್ಥ.

ಇದೆಲ್ಲ ಸಿಂಗಪುರ, ನ್ಯೂಯಾರ್ಕಿನ ಮಾತಾಯಿತು. ದೊಡವಾಡದಿಂದ ಧಾರವಾಡಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ಸು ಹತ್ತಿ ಟೂರ್ನಿಗೆ ಹೋಗುವ ಹುಡುಗಿಗೆ ಇದರಿಂದೇನು? ಲೆಕ್ಕ ನೋಡೋಣ. ಅವಳ ರೇಟಿಂಗ್ 1500, ಎದುರಾಳಿಯದು 1900 ಎನ್ನಿ. ಫಿಡೆ ಕೋಷ್ಟಕದ ಪ್ರಕಾರ ಅವಳಿಂದ ನಿರೀಕ್ಷಿಸುವುದು 0.08 ಅಂಕ, ಅಂದರೆ ಸೋಲೇ. ಸೋತರೆ ಅವಳು ಕಳೆದುಕೊಳ್ಳುವುದು ಮೂರು ಪಾಯಿಂಟು ಮಾತ್ರ. ಡ್ರಾ ಮಾಡಿದರೆ 18 ತುಂಬದವರಿಗೆ ಇರುವ 40ರ ಗುಣಕದಿಂದ ಸುಮಾರು 17 ಪಾಯಿಂಟು ಏರುತ್ತಾಳೆ. ಎದುರಾಳಿಯ ಗುಣಕ 20 ಆಗಿದ್ದರೆ ಅವನು ಎಂಟು ಇಳಿಯುತ್ತಾನೆ. ಅವನಿಗೆ ಅದು ಸೋಲಿನ ರುಚಿ, ಅವಳಿಗೆ ಗೆಲುವಿನ ರುಚಿ.

ಮೇಲಿನ ಮೆಟ್ಟಿಲಲ್ಲೂ ಇದೇ ನ್ಯಾಯ. ಗ್ರ್ಯಾಂಡ್‌ಮಾಸ್ಟರ್ ಆಗಲು ಬೇಕಾದ ನಾರ್ಮ್ ಎಂದರೆ ಒಂದು ಟೂರ್ನಿಯಲ್ಲಿ 2600 ಮಟ್ಟದ ಸಾಧನೆ. ಒಂಬತ್ತು ಎದುರಾಳಿಗಳ ಸರಾಸರಿ ರೇಟಿಂಗೇ 2600 ಇದ್ದು, ಉಳಿದ ಷರತ್ತುಗಳೂ ಕೂಡಿಬಂದರೆ, ಒಂದೂ ಗೆಲ್ಲದೆ ಒಂಬತ್ತೂ ಡ್ರಾ ಮಾಡಿದವನಿಗೆ ನಾರ್ಮ್ ಸಿಗುತ್ತದೆ. ರೈಲ್ವೆ ನೌಕರಿ ಮಾಡುತ್ತಲೇ ಆಡಿ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜಕುಮಾರ್, ಅವರ ಬೆನ್ನಿಗೇ ಬಂದ ಶಿವಮೊಗ್ಗದ ಜಿ.ಎ. ಸ್ಟಾನಿ, ಮೈಸೂರಿನ ಗಿರೀಶ್ ಕೌಶಿಕ್, 2022ರಲ್ಲಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದ ಬೆಂಗಳೂರಿನ ಪ್ರಣವ್ ಆನಂದ್, ಇವರೆಲ್ಲ ಹತ್ತಿದ್ದು ಇದೇ ಮೆಟ್ಟಿಲು. ಬೆಳಗಾವಿ ಜಿಲ್ಲೆಯ ಹೆಸರು ಆ ಸಾಲಿಗೆ ಸೇರಬೇಕಾದರೆ ಇಲ್ಲಿನ ಮಕ್ಕಳಿಗೆ ಹೊಡೆದಾಡಿ ಗೆಲ್ಲುವುದರ ಜೊತೆಗೆ ಕೆಟ್ಟ ಸ್ಥಿತಿಯಲ್ಲಿ ಹಲ್ಲು ಕಚ್ಚಿ ಉಳಿಯುವುದನ್ನೂ ಯಾರಾದರೂ ಕಲಿಸಬೇಕು.

ನಮ್ಮ ಶಾಲಾ ಟೂರ್ನಿಗಳಲ್ಲಿ ಕಾಣುವುದು ಮಾತ್ರ ಇದರ ಉಲ್ಟಾ. ಗೆಳೆಯ ಗೆಳೆಯ ಎದುರಾದರೆ ಹತ್ತು ನಡೆಗೆ ಕೈಕುಲುಕಿ ಹೊರಗೆ ಓಡಿ ಚುರಮುರಿ ತಿನ್ನುತ್ತಾರೆ. ಪಾಲಕರು 'ಸೋಲಲಿಲ್ಲ ಬಿಡು' ಎಂದು ಬೆನ್ನು ತಟ್ಟುತ್ತಾರೆ. ಇನ್ನೊಂದು ಕೋಣೆಯಲ್ಲಿ ಒಂದು ಕಾಯಿ ಕಡಿಮೆಯಿದ್ದರೂ ಎರಡು ತಾಸು ಹೋರಾಡಿ ಆಟ ಉಳಿಸಿಕೊಂಡ ಮಗುವಿಗೆ 'ಗೆಲ್ಲಲಿಲ್ಲವಲ್ಲ' ಎಂಬ ಮಾತು. ಬೆನ್ನು ತಟ್ಟಬೇಕಾದದ್ದು ಯಾರಿಗೆ?

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರಿನಲ್ಲಿ ಟೂರ್ನಿ ಮಾಡುವವರಲ್ಲಿ ಆದ್ದರಿಂದ ಒಂದು ಬೇಡಿಕೆ. ಇಂತಿಷ್ಟು ನಡೆ ಆಗುವ ಮೊದಲು ತೀರ್ಪುಗಾರರ ಒಪ್ಪಿಗೆಯಿಲ್ಲದೆ ಡ್ರಾ ಮಾತಾಡುವಂತಿಲ್ಲ ಎಂದು ಷರತ್ತು ಹಾಕಲು ಫಿಡೆ ನಿಯಮಗಳೇ ಸಂಘಟಕರಿಗೆ ಅವಕಾಶ ಕೊಟ್ಟಿವೆ. ಸಿಂಗಪುರದ ಪಂದ್ಯದಲ್ಲೂ 40 ನಡೆಯ ಮೊದಲು ಡ್ರಾ ಒಪ್ಪುವಂತಿರಲಿಲ್ಲ. ಮಕ್ಕಳಿಗೆ 30 ಇಡಿ. ಮುಂದಿನ ಟೂರ್ನಿಯ ಕರಪತ್ರದಲ್ಲಿ ಪ್ರವೇಶ ಶುಲ್ಕದ ಕೆಳಗೆ ಅದಕ್ಕೆ ಬೇಕಾದದ್ದು ಒಂದು ಸಾಲಿನ ಜಾಗ.